ಭಾವ ರಕ್ತ ಕಾರಿದ ಮಳೆಗಾಲ

ಹೋದ ತಿಂಗಳು ನನ್ನನ್ನು ಮತ್ತೆ ಹಳೆಯ ಲೈನಿಗೆ ಹಾಕಿದರು. ಸ್ಟೋರ್ಸಿನಲ್ಲಿ ಕೂತು ಒಂದಷ್ಟು ಕಾಲ ಸುಖವಾಗಿದ್ದೆ. ಲೈನಿನಲ್ಲಿ ಜನ ಕಡಿಮೆಯಾದರು, ನೀನೇ ಹೋಗಪ್ಪ ಅಂದರು, ಹೋದೆ. ಬಾಶೆಟ್ಟಿಹಳ್ಳಿಯ ನಮ್ಮ ಫ್ಯಾಕ್ಟರಿಯಲ್ಲಿ ಆ ಲೈನಿನ ಕೆಲಸವೆಂದರೆ ಗಾಡಿಯ ಬಾಗಿಲಿನ ಸುತ್ತ ಕೂರುವ ರಬ್ಬರ್ ಪಟ್ಟಿಯ ಎರಡು ತುದಿಗಳನ್ನು ಸೇರಿಸಿ ಅಂಟಿಸುವುದು. ಒಂದು ಹನಿ ಅಂಟು, ಒಂದು ಒತ್ತು, ಮುಗಿಯಿತು. ಆಮೇಲೆ ಎಳೆದರೆ ರಬ್ಬರ್ ಹರಿದೀತೇ ಹೊರತು ಅಂಟು ಬಿಡುವುದಿಲ್ಲ. ಮುಚ್ಚಳ ತೆಗೆದಾಗ ಕಣ್ಣು ಚುರುಗುಟ್ಟಿಸುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ನಿಂತುಹೋಯಿತು. ಪಕ್ಕದವನು, "ಯಾಕ್ ಗುರು, ಕೆಲ್ಸ ಮರ್ತೋಯ್ತಾ?" ಅಂದ. ಕೆಲಸ ಮರೆತಿರಲಿಲ್ಲ, ಭಾವ ನೆನಪಾಗಿದ್ದರು. ಇದೇ ಜಾತಿಯ ಅಂಟನ್ನು ಅವರ ಹೊಟ್ಟೆಯೊಳಗಿನ ರಕ್ತನಾಳಕ್ಕೆ ಸೂಜಿಯಲ್ಲಿ ಬಿಟ್ಟಿದ್ದ ಮಳೆಗಾಲ ನೆನಪಾಗಿತ್ತು.

ಭಾವ ಎಂದರೆ ನನ್ನ ಅಕ್ಕ ಜಯಮ್ಮನ ಗಂಡ ಆಂಜಿನಪ್ಪ. ದೊಡ್ಡಬಳ್ಳಾಪುರದ ಆಚೆ ಅವರ ಹಳ್ಳಿ. ಒಂದಿಷ್ಟು ರಾಗಿ ಹೊಲ, ಒಂದು ದ್ರಾಕ್ಷಿ ಚಪ್ಪರ, ಡೈರಿಗೆ ಹಾಲು ಹಾಕಲು ಹಸುಗಳು. ಕೆಲಸದಲ್ಲಿ ಎತ್ತಿದ ಕೈ, ಕುಡಿತದಲ್ಲೂ ಹಾಗೇ. ಸಂಜೆ ಡೈರಿಗೆ ಹಾಲು ಹಾಕಿ ಕ್ಯಾನು ಹಿಡಿದು ಹೊರಟವರು ಮನೆಗೆ ಬರುವ ಹೊತ್ತಿಗೆ ಕ್ಯಾನಿನ ಮುಚ್ಚಳ ಎಲ್ಲೋ ಬಿದ್ದಿರುತ್ತಿತ್ತು. ಅಕ್ಕ ಎಷ್ಟು ಮುಚ್ಚಳ ಕೊಂಡಳೋ ಅವಳಿಗೇ ಗೊತ್ತು.

ಆ ಮಳೆಗಾಲಕ್ಕೆ ಎರಡು ವರ್ಷ ಮೊದಲು ಒಂದು ಅಮಾವಾಸ್ಯೆಯ ದಿನ ಅಕ್ಕ ಅವರನ್ನು ಊರಾಚೆಯ ಮುನೇಶ್ವರನ ಗುಡಿಗೆ ಕರೆದುಕೊಂಡು ಹೋದಳು. ನಮ್ಮ ಕಡೆ ಕುಡಿತ ಬಿಡಿಸಬೇಕೆಂದರೆ ಡಾಕ್ಟರಿಗಿಂತ ಮೊದಲು ಮುನೇಶ್ವರ ನೆನಪಾಗುತ್ತಾನೆ. ಭಾವನ ಚಿಕ್ಕಪ್ಪ ತಿಮ್ಮರಾಯಪ್ಪ ಮನೆತನದ ಹಿರಿಯರು ಅಂತ ಪಕ್ಕದಲ್ಲಿ ನಿಂತಿದ್ದರು, ನಾನೂ ಇದ್ದೆ. ಅಂಗೈ ಮೇಲೆ ವೀಳ್ಯದೆಲೆ, ಎಲೆಯ ಮೇಲೆ ಉರಿಯುವ ಕರ್ಪೂರ. ಭಾವ ಕಣ್ಣು ಮುಚ್ಚಿ, "ಇನ್ಮೇಲೆ ಮುಟ್ಟಿದ್ರೆ ರಕ್ತ ಕಾರ್ಕೊಂಡು ಸಾಯ್ಲಿ ನಾನು" ಅಂದರು. ಈ ಮಾತನ್ನು ಆ ಗುಡಿಯ ಮುಂದೆ ಎಷ್ಟೋ ಗಂಡಸರು ಆಡಿದ್ದಾರೆ, ವಾರ ಕಳೆಯುವುದರೊಳಗೆ ಬಾರಿನಲ್ಲಿ ಕೂತು ನಕ್ಕಿದ್ದಾರೆ. ಭಾವನದ್ದೂ ಅಷ್ಟೇ ಅಂದುಕೊಂಡು ಊರು ಸುಮ್ಮನಾಯಿತು.

ಭಾವ ಬಿಟ್ಟರು. ನಿಜಕ್ಕೂ ಬಿಟ್ಟರು ಅಂತ ನಂಬುವುದಕ್ಕೆ ನಮಗೆಲ್ಲ ಹೊತ್ತು ಹಿಡಿಯಿತು. ಅಕ್ಕನಂತೂ ದಿನಾ ಸಂಜೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ಎಲ್ಲಿ, ಬಾಯಿ ಬಿಡಿ" ಅನ್ನುತ್ತಿದ್ದಳು. ಭಾವ ಮಗುವಿನ ಹಾಗೆ ಬಾಯಿ ತೆರೆದು ಉಸಿರು ಬಿಡುತ್ತಿದ್ದರು. ಅವಳು ಮೂಸಿ ನೋಡಿ ಒಳಗೆ ಬಿಡುತ್ತಿದ್ದಳು. ಕುಡುಕರು ಸೀಬೆ ಎಲೆ ಅಗಿದು ವಾಸನೆ ಮರೆಸುತ್ತಾರೆ, ಹಾಗಾಗಿ ಅದನ್ನೂ ಮೂಸುತ್ತಿದ್ದಳು. "ನಿಮ್ಮಕ್ಕನ ಮೂಗು ಎಕ್ಸೈಸ್ ಇಲಾಖೇಲಿ ಇರಬೇಕಿತ್ತು ಕಣೋ ಮಂಜ" ಅಂತ ಭಾವ ನನ್ನ ಹತ್ತಿರ ನಗುತ್ತಿದ್ದರು. ಅವರಿಗೆ ಆ ತಪಾಸಣೆ ಇಷ್ಟವಾಗಿತ್ತು ಅಂತ ನನಗೆ ಅನ್ನಿಸುತ್ತದೆ. ದಿನಾ ಸಂಜೆ ಗೆದ್ದು ಮನೆಯೊಳಗೆ ಹೋಗುವುದೆಂದರೆ ಸುಮ್ಮನೆ ಮಾತೇನು?

ಆಣೆ ಇಟ್ಟು ಎರಡು ವರ್ಷವಾಗಿತ್ತು. ಆ ವರ್ಷ ಮುಂಗಾರು ಸತಾಯಿಸಿ ಬಂತು. ರಾಗಿ ಬಿತ್ತುವ ಹೊತ್ತಿಗೇ ಭಾವ ಸುಸ್ತು ಸುಸ್ತು ಅನ್ನುತ್ತಿದ್ದರು. ಎರಡು ಸಾಲು ಕುಂಟೆ ಹೊಡೆದರೆ ಬದುವಿನ ಮೇಲೆ ಕೂತುಬಿಡುತ್ತಿದ್ದರು. ಒಂದು ಭಾನುವಾರ ಊಟಕ್ಕೆ ಹೋದಾಗ ನಾಚಿಕೊಂಡೇ ಹೇಳಿದರು, ಹೊರಕಡೆಗೆ ಹೋದರೆ ಕಪ್ಪಗೆ, ಟಾರು ಕರಗಿದ ಹಾಗೆ ಆಗುತ್ತಿದೆ ಅಂತ. ಅಕ್ಕ ಮುದ್ದೆ ಕಟ್ಟುತ್ತಲೇ, "ರಾಗಿ ತಿನ್ನೋರಿಗೆ ಇನ್ಯಾವ ಬಣ್ಣದಲ್ಲಿ ಬರುತ್ತೆ?" ಅಂದಳು. ನಾವೆಲ್ಲ ನಕ್ಕೆವು. ಹುಟ್ಟಿದಾಗಿನಿಂದ ರಾಗಿ ತಿಂದ ಮನೆಯಲ್ಲಿ ಅದನ್ನು ಯಾರು ಕಾಯಿಲೆ ಅಂದುಕೊಳ್ಳುತ್ತಾರೆ? ಅದು ಹೊಟ್ಟೆಯೊಳಗೆ ಸೋರಿ ಕಪ್ಪಾದ ರಕ್ತ ಅಂತ ಆಮೇಲೆ ಡಾಕ್ಟರು ಹೇಳಿದರು.

ಆಶ್ಲೇಷ ಮಳೆ ಹಿಡಿದು ಸುರಿಯುತ್ತಿದ್ದ ಒಂದು ಬೆಳಿಗ್ಗೆ, ರಾತ್ರಿ ಪಾಳಿ ಮುಗಿಸಿ ಬಂದು ಒದ್ದೆ ಬಟ್ಟೆ ಬಿಚ್ಚುತ್ತಿದ್ದೆ. ಅಕ್ಕನ ಫೋನು ಬಂತು. "ಬಾ" ಅಂದಳು, ಅಷ್ಟೇ. ಹೋಗಿ ನೋಡಿದರೆ ಭಾವ ಕೊಟ್ಟಿಗೆಯ ಗೋಡೆಗೆ ಒರಗಿ ಕೂತಿದ್ದಾರೆ. ಮುಂದೆ ಸಗಣಿ ಸಾರಿಸಿದ ನೆಲದ ಮೇಲೆ ರಕ್ತ, ಗಡ್ಡೆ ಗಡ್ಡೆ ರಕ್ತ. ಹಾಲು ಕರೆಯುತ್ತಿದ್ದವರು ವಾಂತಿ ಬಂದಂತಾಗಿ ಎದ್ದರಂತೆ. ಬಾಗಿಲ ಬಳಿ ಅಕ್ಕಪಕ್ಕದವರು ಗೋಣಿಚೀಲ ತಲೆಗೆ ಹಾಕಿಕೊಂಡು ನಿಂತಿದ್ದರು. ಒಬ್ಬರೂ ಒಳಗೆ ಬಂದು ಅವರ ತೋಳು ಹಿಡಿಯಲಿಲ್ಲ. ದೇವರು ಹೊಡೆದವನನ್ನು ಮುಟ್ಟಿದರೆ ತಮಗೂ ತಟ್ಟುತ್ತದೆ ಅನ್ನುವ ಭಯ ಅವರ ಮುಖದಲ್ಲಿ ಕಾಣುತ್ತಿತ್ತು.

ತಿಮ್ಮರಾಯಪ್ಪ ನನ್ನ ಕಿವಿಯ ಹತ್ತಿರ ಬಂದು, "ಆಣೆ ಮುರ್ದವ್ನೆ ಕಣಪ್ಪ. ಮುನೇಶ್ವರ ಬಿಡ್ತಾನಾ?" ಅಂದರು. ಅವರ ದನಿಯಲ್ಲಿ ದ್ವೇಷವಿರಲಿಲ್ಲ, ಬೇಸರವಿತ್ತು.

ಅಕ್ಕ ಅತ್ತಿರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ನಾನು ಆಂಬುಲೆನ್ಸಿಗೆ ಫೋನು ಮಾಡಿ, "ಹೊರಡಕ್ಕ" ಅಂದರೆ, "ನೀನೇ ಕರ್ಕೊಂಡೋಗು. ಹಸು ಯಾರು ನೋಡ್ತಾರೆ?" ಅಂದಳು. ಭಾವ ಅವಳ ಮುಖ ನೋಡಿದರು. ಬಾಯಿ ಒರೆಸಿಕೊಂಡು, "ಜಯಾ, ನಾನ್ ಮುಟ್ಟಿಲ್ಲ" ಅಂದರು. ಅವಳು ಹಾಲಿನ ಕ್ಯಾನು ಎತ್ತಿಕೊಂಡು ಒಳಗೆ ಹೋದಳು.

ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ಬಾಯಿಂದ ಕ್ಯಾಮೆರಾ ಬಿಟ್ಟು ನೋಡಬೇಕು, ಅದಕ್ಕೆ ಬೆಂಗಳೂರಿಗೇ ಹೋಗಬೇಕು ಅಂದರು. ಯಲಹಂಕದವರೆಗೂ ಮಳೆ, ಅಲ್ಲಿಂದ ಮುಂದೆ ಮಳೆಯ ಜೊತೆಗೆ ವಾಹನಗಳು. ದೊಡ್ಡ ಸರ್ಕಾರಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಭಾವನ ತುಟಿ ಬಿಳಿಚಿತ್ತು. ರಕ್ತ ಕೊಡಲು ನಮ್ಮ ಲೈನಿನ ಹುಡುಗರು ಪಾಳಿ ಬಿಟ್ಟು ಬೈಕಿನಲ್ಲಿ ಬಂದರು. ಅವರನ್ನು ಇವತ್ತಿಗೂ ನಾನು ಮರೆತಿಲ್ಲ.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಕಣ್ಣ ಸುತ್ತ ಕಪ್ಪು, ನನಗಿಂತ ಹೆಚ್ಚು ನಿದ್ದೆಗೆಟ್ಟವಳು. ಬಾಗಿಲ ಹೊರಗೆ ನಿಲ್ಲಿಸಿಕೊಂಡು ಸಮಾಧಾನವಾಗಿ ಹೇಳಿದಳು. ಕುಡಿದು ಕುಡಿದು ಲಿವರ್ ಗಟ್ಟಿಯಾಗಿಬಿಟ್ಟಿದೆ, ಅದರೊಳಗೆ ಹಾದು ಹೋಗಬೇಕಾದ ರಕ್ತಕ್ಕೆ ದಾರಿಯಿಲ್ಲ, ಆ ರಕ್ತ ಹೊಟ್ಟೆಯ ಸಣ್ಣ ನಾಳಗಳಿಗೆ ನುಗ್ಗಿ ಅವು ಊದಿಕೊಂಡಿವೆ, ಒಂದು ಒಡೆದಿದೆ. ನನಗೆ ಅರ್ಥವಾಯಿತು. ಯಲಹಂಕದ ದಾರಿ ಕಟ್ಟಿಕೊಂಡ ದಿನ ನಮ್ಮ ಫ್ಯಾಕ್ಟರಿ ಬಸ್ಸುಗಳು ಹಳ್ಳಿಯ ಓಣಿಗಳಿಗೆ ನುಗ್ಗಿ ಗೋಡೆ ಉಜ್ಜಿಕೊಂಡು ಹೋಗುತ್ತವಲ್ಲ, ಹಾಗೆ.

"ಬಾಯಿಂದ ಟ್ಯೂಬ್ ಬಿಟ್ಟು, ಅದರ ತುದಿಯಿಂದ ಸೂಜೀಲಿ ಆ ನಾಳದೊಳಗೆ ಅಂಟು ಬಿಡ್ತೀವಿ. ರಕ್ತ ತಾಗಿದ ತಕ್ಷಣ ಗಟ್ಟಿಯಾಗಿ ತೂತು ಮುಚ್ಚುತ್ತೆ" ಅಂದಳು.

"ಅಂಟು ಅಂದ್ರೆ ನಾವು ರಬ್ಬರಿಗೆ ಹಾಕೋ ಥರದ್ದಾ ಮೇಡಂ?"

"ಅದೇ ಜಾತೀದು. ಇದು ಒಳಗೆ ಹಾಕೋಕೆ ಅಂತಲೇ ಮಾಡಿರೋದು."

ಬಾಗಿಲು ಮುಚ್ಚಿತು. ನಾನು ಬೆಂಚಿನ ಮೇಲೆ ಕೂತು ನನ್ನ ಬೆರಳುಗಳನ್ನೇ ನೋಡುತ್ತಿದ್ದೆ. ತುದಿಗಳಲ್ಲಿ ಒಣಗಿದ ಅಂಟಿನ ಬಿಳಿ ಪೊರೆ ಇತ್ತು. ಇಷ್ಟು ವರ್ಷ ಹೊಟ್ಟೆಪಾಡಿಗೆ ಅಂಟಿಸಿದ್ದೆ, ಅದರಿಂದ ಒಂದು ಜೀವ ನಿಲ್ಲುತ್ತದೆ ಅಂತ ಗೊತ್ತಿರಲಿಲ್ಲ. ಅಂಟು ಹಿಡಿಯಲಿ ಅಂತ ಅವತ್ತು ಬೇಡಿಕೊಂಡಷ್ಟು ನಾನು ಯಾವ ಗುಡಿಯಲ್ಲೂ ಬೇಡಿಕೊಂಡಿಲ್ಲ. ಹಿಡಿಯಿತು. ಡಾಕ್ಟರು ಹೊರಗೆ ಬಂದು, ರಕ್ತ ನಿಂತಿದೆ ಅಂದಳು. ತೆರೆಯ ಮೇಲೆ ತೋರಿಸಿದಳು ಕೂಡ. ನಮ್ಮ ಚಪ್ಪರದ ಕಪ್ಪು ದ್ರಾಕ್ಷಿ ಗೊಂಚಲಿನ ಹಾಗೆ ಊದಿದ ನಾಳಗಳು. ಇನ್ನೂ ಕೆಲವು ಉಳಿದಿವೆ, ಮತ್ತೆ ಬಂದು ಅವಕ್ಕೂ ಹಾಕಿಸಬೇಕು ಅಂದಳು.

ನಾನು ನಾಚಿಕೆ ಬಿಟ್ಟು ಕೇಳಿದೆ, "ಮೇಡಂ, ಇವ್ರು ಈಗ ಕುಡ್ದಿದ್ದಾರೋ ಇಲ್ವೋ ಅಂತ ಆ ಕ್ಯಾಮೆರಾದಲ್ಲಿ ಕಾಣುತ್ತಾ?"

"ನಾಳ ಕಾಣುತ್ತೆ, ಕುಡಿದಿದ್ದು ಕಾಣಲ್ಲಪ್ಪ. ಹಳೇ ಕುಡಿತದಿಂದ ಲಿವರ್ ಹಾಳಾಗಿದೆ. ಬಿಟ್ಟು ವರ್ಷಗಳಾಗಿದ್ರೂ ಹೀಗೆ ಒಡೀಬಹುದು. ಬಿಟ್ಟಿದ್ರಿಂದಲೇ ಇಷ್ಟು ದಿನ ತಡೆದಿರಬಹುದು."

ಅದನ್ನೇ ಅಕ್ಕನಿಗೆ ಹೇಳಿ ಅಂತ ಫೋನು ಹಚ್ಚಿ ಕೊಟ್ಟೆ. ಪಾಪ, ಆ ಡಾಕ್ಟರು ಅಷ್ಟು ಕೆಲಸದ ನಡುವೆ ಹೇಳಿದಳು. ಫೋನು ಮರಳಿ ಪಡೆದು, "ಕೇಳಿಸ್ತಾ ಅಕ್ಕ?" ಅಂದೆ.

"ಕೇಳಿಸ್ತು. ಒಡೀಬಹುದು ಅಂದ್ರು. ಕುಡ್ದಿಲ್ಲ ಅನ್ಲಿಲ್ಲ" ಅಂದಳು ಅಕ್ಕ. ಹಿಂದೆ ಹಸು ಕೂಗುತ್ತಿತ್ತು.

ಆಸ್ಪತ್ರೆಯ ದಿನಗಳು ಒಂದರ ಮೇಲೊಂದು ಬಿದ್ದುಕೊಂಡವು. ಫ್ಯಾಕ್ಟರಿ, ಬಸ್ಸು, ವಾರ್ಡು, ಮತ್ತೆ ಫ್ಯಾಕ್ಟರಿ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ನಿದ್ದೆ ಮಾಡಲು ಕಲಿತೆ. ಭಾವನಿಗೆ ಗಂಜಿ ಕುಡಿಸುವಾಗ ಅವರು ಬೇರೆ ಏನೂ ಮಾತಾಡುತ್ತಿರಲಿಲ್ಲ. "ನಾನ್ ಮುಟ್ಟಿಲ್ಲ ಕಣೋ ಮಂಜ" ಅನ್ನುವುದೊಂದೇ.

"ಗೊತ್ತು ಭಾವ" ಅನ್ನುತ್ತಿದ್ದೆ. ನನ್ನ ಮಾತಿನಲ್ಲಿ ನಂಬಿಕೆ ಅರ್ಧ, ಆಯಾಸ ಅರ್ಧ.

"ಊರೋರು ಏನಾದ್ರೂ ಅಂದ್ಕೊಳ್ಲಿ ಬಿಡು. ಅವ್ಳು ಹಂಗ್ ಅಂದ್ಕೊಂಡ್ರೆ ನಂಗೆ ಸಾಯೋಕೂ ಮನಸ್ಸಾಗಲ್ಲ."

ಅವರನ್ನು ಮನೆಗೆ ಕರೆತಂದಾಗ ಹುಬ್ಬೆ ಮಳೆ. ಅಕ್ಕ ಅವರಿಗೆ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಹೊತ್ತು ಹೊತ್ತಿಗೆ ಮಾತ್ರೆ, ಮೆತ್ತಗೆ ಬೇಯಿಸಿದ ಅನ್ನ, ಉಪ್ಪಿಲ್ಲದ ಸಾರು. ಮಾತು ಮಾತ್ರ ಇಲ್ಲ. ನಾನು ಸಂಜೆ ಹೋದರೆ ಭಾವ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತು ರಾಗಿ ಹೊಲದ ಕಳೆ ನೋಡುತ್ತಿದ್ದರು. ಊರಿನವರು ಆ ದಾರಿಯಲ್ಲಿ ಹೋಗುವಾಗ ಮುಖ ತಿರುಗಿಸುತ್ತಿದ್ದರು. ಒಂದು ದಿನ ಭಾವ ಮೆಲ್ಲಗೆ ಹೇಳಿದರು, "ಈಗ ಬಾಯಿ ಮೂಸೋದೂ ಬಿಟ್ಟವ್ಳೆ ಕಣೋ."

ಅಕ್ಕನಿಗೆ ಬುದ್ಧಿ ಹೇಳೋಣ ಅಂತ ಹಿತ್ತಲಿಗೆ ಹೋದೆ. ಅವಳು ಹುಲ್ಲಿನ ಬಣವೆಯ ಬುಡದಲ್ಲಿ ಮೊಣಕೈವರೆಗೆ ಕೈ ತೂರಿಸಿ ತಡಕುತ್ತಿದ್ದಳು. ನನ್ನನ್ನು ನೋಡಿ ಕೈ ಹೊರಗೆ ತೆಗೆದಳು. ಕೂದಲ ತುಂಬ ಹುಲ್ಲು.

"ಏನ್ ಹುಡುಕ್ತಿದ್ದೀಯಕ್ಕ?"

"ಆವಾಗೆಲ್ಲ ಇಲ್ಲೇ ಬಚ್ಚಿಡ್ತಿದ್ರು. ಪಂಪ್ ಮನೆ ನೋಡ್ದೆ, ಅಟ್ಟ ನೋಡ್ದೆ, ಚಪ್ಪರದ ಕಲ್ಲಿನ ಸಂದಿಗಳೆಲ್ಲ ನೋಡ್ದೆ. ಒಂದು ಖಾಲಿ ಬಾಟ್ಲಿನೂ ಸಿಗ್ಲಿಲ್ಲ ಕಣೋ" ಅಂದಳು. ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತಳು. "ಸಿಕ್ಕಿದ್ರೆ ಬೈದು ನೆಮ್ಮದಿಯಾಗಿರ್ತಿದ್ದೆ. ಅವ್ರು ಕುಡ್ದಿಲ್ಲ ಅಂದ್ರೆ ಸ್ವಾಮಿ ಯಾಕ್ ಹಿಂಗ್ ಮಾಡ್ದ? ಕೈ ಮೇಲೆ ಕರ್ಪೂರ ಇಟ್ಟು ಆ ಮಾತು ಆಡ್ಸಿದ್ದು ನಾನೇ ಅಲ್ವಾ?"

ಬುದ್ಧಿ ಹೇಳಲು ಹೋದವನು ಅವಳ ಪಕ್ಕದಲ್ಲಿ ಕೂತೆ. ಗಂಡ ಸುಳ್ಳನೋ, ದೇವರು ತಪ್ಪಿದನೋ, ಎರಡರಲ್ಲಿ ಒಂದನ್ನು ಆರಿಸು ಅಂತ ನಮ್ಮಕ್ಕನ ಕೊರಳಿಗೆ ಬಂದಿತ್ತು. ಲಿವರ್, ನಾಳ, ಓಣಿಗೆ ನುಗ್ಗುವ ಬಸ್ಸು ಅಂತ ನಾನು ಏನೇನೋ ಹೇಳಿದೆ. ಅವಳು ಹುಲ್ಲಿನ ಕಡ್ಡಿ ಮುರಿಯುತ್ತಾ ಕೇಳಿದಳು. ನಂಬಿದಳೋ ಇಲ್ಲವೋ, ನನಗೆ ತಿಳಿಯಲಿಲ್ಲ.

ಎರಡನೇ ಸಲ ಅಂಟು ಹಾಕಿಸಲು ಹೋಗಬೇಕಾದ ದಿನ ಇನ್ನೂ ಮುಂದಿತ್ತು. ಹಸ್ತದ ಮಳೆ ಶುರುವಾದ ವಾರ, ಮಧ್ಯಾಹ್ನ ಊಟಕ್ಕೆ ಕೂತವರು ಮತ್ತೆ ರಕ್ತ ಕಾರಿದರು. ಈ ಸಲ ನಾನು ಫ್ಯಾಕ್ಟರಿಯಿಂದ ಓಡಿ ಬರುವ ಹೊತ್ತಿಗೆ ಅಕ್ಕ ಆಗಲೇ ಆಂಬುಲೆನ್ಸ್ ಹತ್ತಿ ಅವರ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹಸು ಯಾರು ನೋಡ್ತಾರೆ ಅಂತ ನಾನೇ ಕೇಳಿದೆ. "ಏನಾದ್ರೂ ಆಗ್ಲಿ, ಹತ್ತು" ಅಂದಳು.

ಆಸ್ಪತ್ರೆಯಲ್ಲಿ ಕ್ಯಾಮೆರಾ ಕೋಣೆಯ ಹೊರಗೆ ಸ್ಟ್ರೆಚರಿನ ಮೇಲೆ ಕಾಯಿಸಿದ್ದರು. ಒಳಗೆ ಇನ್ನೊಬ್ಬರಿಗೆ ನಡೆಯುತ್ತಿತ್ತು. ಭಾವನ ಕಣ್ಣು ಹಳದಿಯಾಗಿತ್ತು, ಹೊಟ್ಟೆ ಉಬ್ಬಿತ್ತು. ಅಕ್ಕ ಪಕ್ಕದಲ್ಲಿ ನಿಂತು ಕಂಬಳಿ ಸರಿ ಮಾಡುತ್ತಿದ್ದಳು. ಭಾವ ಅವಳನ್ನೇ ನೋಡುತ್ತಾ, ಕೊಟ್ಟಿಗೆಯ ಬಾಗಿಲಲ್ಲಿ ಮಾಡುತ್ತಿದ್ದ ಹಾಗೆಯೇ ಬಾಯಿ ತೆರೆದು ಉಸಿರು ಬಿಟ್ಟರು.

ಅಕ್ಕ ಕಂಬಳಿ ಬಿಟ್ಟು ಹತ್ತಿರ ಸರಿದಳು. ಆಮೇಲೆ ಬಗ್ಗಿ ಮೂಸಿದಳು. ಅಷ್ಟು ಜನರ ಎದುರಿಗೆ, ಅಷ್ಟು ಕೆಟ್ಟ ವಾಸನೆಯ ಹತ್ತಿರ, ಎಂದಿನಂತೆ ಬೇಕಾದಷ್ಟು ಹೊತ್ತು ಮೂಸಿದಳು.

"ಪಾಸಾದ್ನಾ?" ಅಂದರು ಭಾವ.

"ಬರೀ ರಕ್ತದ ವಾಸ್ನೆ. ಬಾಯ್ ಮುಚ್ಕೊಂಡು ಸುಮ್ನೆ ಮಲಗಿ" ಅಂದಳು ಅಕ್ಕ. ಸೆರಗಿನಿಂದ ಅವರ ತುಟಿ ಒರೆಸಿದಳು. ನಾನು ಗೋಡೆಯ ಕಡೆ ತಿರುಗಿಕೊಂಡೆ. ಭಾವ ಕೇಳಬೇಕು ಅಂದುಕೊಂಡಿದ್ದ ಮಾತನ್ನು ಅವಳು ಆಗಲೂ ಹೇಳಲಿಲ್ಲ. ಹೇಳಬಾರದೇ ಅಂತ ನನಗೆ ಒಳಗೊಳಗೇ ಸಿಟ್ಟು ಬಂತು.

ಅವತ್ತು ಅಂಟು ಮತ್ತೆ ಹಿಡಿಯಿತು. ಒಡೆದ ನಾಳವೂ ಮುಚ್ಚಿತು, ಪಕ್ಕದ್ದಕ್ಕೂ ಹಾಕಿದರು. ಆದರೆ ಅಂಟು ಮುಚ್ಚುವುದು ತೂತನ್ನು ಮಾತ್ರ. ಆ ಲಿವರಿಗೆ ಎರಡನೇ ಸಲ ರಕ್ತ ಕಳೆದುಕೊಂಡು ತಡೆದುಕೊಳ್ಳುವ ಶಕ್ತಿ ಇರಲಿಲ್ಲ. ಭಾವ ಹೊತ್ತು ಗೊತ್ತಿಲ್ಲದೆ ಮಾತಾಡತೊಡಗಿದರು, ವಾರ್ಡಿನ ನರ್ಸುಗಳನ್ನು ಹಸುಗಳ ಹೆಸರು ಹಿಡಿದು ಕರೆದರು, ಕೊನೆಕೊನೆಗೆ ಮಾತೂ ನಿಂತಿತು. ಮೂರನೆಯ ಬೆಳಿಗ್ಗೆ ಡಾಕ್ಟರು ಹೊರಗೆ ಬಂದು ನನ್ನ ಹೆಗಲು ಮುಟ್ಟಿದಳು. ಭಾವ ಹೋಗಿದ್ದರು. ನನಗೆ ಅಳು ಬರಲಿಲ್ಲ, ಮಲಗಬೇಕು ಅನ್ನಿಸಿತು. ಆ ಯೋಚನೆ ಬಂದದ್ದಕ್ಕೆ ಆಮೇಲೆ ಅತ್ತೆ.

ಅವರ ಹೊಲದಲ್ಲೇ, ತೆನೆ ಬಿಡುತ್ತಿದ್ದ ರಾಗಿಯ ಪಕ್ಕದಲ್ಲಿ ಮಣ್ಣು ಮಾಡಿದೆವು. ಬಂದವರೆಲ್ಲ ಅತ್ತರು, ಅತ್ತವರೆಲ್ಲ ಮನೆಗೆ ಹೋಗುವಾಗ ಆಣೆಯ ಮಾತನ್ನೇ ಆಡಿಕೊಂಡರು. ಬೇರೆಯವರ ಮಕ್ಕಳಿಗೆ ಕುಡಿಯಬೇಡಿ ಅಂತ ಹೆದರಿಸಲು ಭಾವನ ಹೆಸರು ಆಗಲೇ ಬಳಕೆಗೆ ಬಂದಿತ್ತು.

ಹಾಲು-ತುಪ್ಪದ ದಿನ ಮಳೆ ಬಿಟ್ಟಿತ್ತು. ನಮ್ಮಲ್ಲಿ ಅವತ್ತು ಗೋರಿಯ ಮೇಲೆ ಹಾಲು ತುಪ್ಪ ಬಿಟ್ಟು, ಬಾಳೆ ಎಲೆ ಹಾಕಿ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುತ್ತೇವೆ. ಬೀಡಿ ಸೇದುವವರಿಗೆ ಬೀಡಿ, ಎಲೆ ಅಡಿಕೆ ಹಾಕುವವರಿಗೆ ಎಲೆ ಅಡಿಕೆ. ಅಕ್ಕ ಮುದ್ದೆ, ಹುರುಳಿ ಬಸ್ಸಾರು, ಕಡ್ಲೆಪುರಿ, ಒಂದು ಲೋಟ ಟೀ ಇಟ್ಟಳು. ತಿಮ್ಮರಾಯಪ್ಪ ಎಲೆಯ ತುದಿಯನ್ನು ಸರಿಪಡಿಸಿ, ಜೇಬಿನಿಂದ ಕ್ವಾರ್ಟರ್ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ ಮುದ್ದೆಯ ಪಕ್ಕದಲ್ಲಿಟ್ಟರು. ಕುಹಕವೇನಲ್ಲ. ಅವರ ಅಣ್ಣನಿಗೂ ಹಾಗೇ ಇಟ್ಟಿದ್ದರು, ನಾಳೆ ತಮಗೂ ಇಡುತ್ತಾರೆ ಅಂತ ಅವರಿಗೆ ಗೊತ್ತು. ಯಾರಿಗೂ ಅದು ವಿಶೇಷ ಅನ್ನಿಸಲಿಲ್ಲ. ಹೆಂಗಸರು ಊದುಬತ್ತಿ ಹಚ್ಚುತ್ತಿದ್ದರು.

ಅಕ್ಕ ಬಗ್ಗಿ ಬಾಟಲಿ ತೆಗೆದಳು. ಮುಚ್ಚಳ ಬಿಗಿ ಮಾಡಿ ಚಿಕ್ಕಮಾವನ ಕೈಗೆ ಕೊಟ್ಟಳು.

"ಇಡ್ಬೇಕಮ್ಮ. ಆಸೆ ಉಳ್ಕೊಂಡ್ಬಿಡುತ್ತೆ ಅವ್ನಿಗೆ" ಅಂದರು ತಿಮ್ಮರಾಯಪ್ಪ.

"ಆಸೆ ಇತ್ತು ಮಾವ. ಇದ್ರೂ ಮುಟ್ಲಿಲ್ಲ ಅವ್ರು" ಅಂದಳು ಅಕ್ಕ. ದನಿ ಏರಿಸಲಿಲ್ಲ, ಆದರೆ ಹೊಲದಲ್ಲಿ ನಿಂತಿದ್ದ ಅಷ್ಟೂ ಜನಕ್ಕೆ ಕೇಳಿಸಿತು. "ಆಣೆ ಉಳಿಸ್ಕೊಂಡೇ ಹೋಗವ್ರೆ. ಸತ್ಮೇಲೆ ನಾವ್ಯಾಕ್ ಮುರಿಸ್ಬೇಕು?"